ಎಡತೋಳಿನ ಅಳತೆ

ಸುಳ್ಳು, ಶುದ್ಧ ಸುಳ್ಳು, ಎರಡೂ ಭುಜ ಒಂದೇ ಮಟ್ಟಕ್ಕಿರುವ ಮನುಷ್ಯರನ್ನು ಈ ಭೂಮಿಯ ಮೇಲೆ ಯಾರು ಕಂಡಿದ್ದಾರೆ, ಕಬ್ಬಿಣದ ಕೋಲಿಗೆ ನೇತುಬಿದ್ದಿರುವ ಈ ಪ್ಲಾಸ್ಟಿಕ್ ಅಸ್ಥಿಪಂಜರವನ್ನು ಮಾಡಿದ ಪುಣ್ಯಾತ್ಮ ಒಂದು ದಿನವಾದರೂ ಟೇಪು ಹಿಡಿದಿದ್ದನೇ, ಬಲಗೈಯಲ್ಲಿ ಕೆಲಸ ಮಾಡುವವರಿಗೆ ಬಲಭುಜ ಅರ್ಧ ಬೆರಳು ಇಳಿದೇ ಇಳಿದಿರುತ್ತದೆ, ಐವತ್ತೆರಡು ವರ್ಷ ಹೆಂಗಸರ ಬಟ್ಟೆ ಹೊಲಿದವಳಿಗೆ ಇದನ್ನು ಪುಸ್ತಕ ಹೇಳಿಕೊಡಬೇಕೇ, ಅಂಗೈ ಹುಣ್ಣಿಗೆ ಕನ್ನಡಿ ಯಾಕೆ — ಮೊದಲ ವಾರವೇ ಎದ್ದು ನಿಂತು ಹೇಳಿಯೂ ಬಿಟ್ಟಿದ್ದಳು, ಡಾಕ್ಟ್ರೇ, ನಿಮ್ಮ ಬೊಂಬೆ ಅಳತೆ ತಪ್ಪಿದೆ. ಇಪ್ಪತ್ತೆರಡು ನರೆತಲೆಗಳು ಒಟ್ಟಿಗೆ ತಿರುಗಿದ್ದವು, ಕುಂಬಳಕಾಯಿ ಕಳ್ಳ ಅಂದಂತೆ ಎಲ್ಲರೂ ತಂತಮ್ಮ ಹೆಗಲು ಮುಟ್ಟಿ ನೋಡಿಕೊಂಡಿದ್ದರು, ಡಾಕ್ಟರು ಮಾತ್ರ ಚಾಕ್‌ಪೀಸು ಕೆಳಗಿಟ್ಟು ನಕ್ಕು, ಹೌದಲ್ರೀ, ನಲವತ್ತು ವರ್ಷ ಬರೀ ಹೊಟ್ಟೆ ಕೊಯ್ದೆ, ಭುಜ ನೋಡ್ಲೇ ಇಲ್ಲ ನೋಡಿ ಎಂದಿದ್ದರು. ಅಂದಿನಿಂದ ಈ ಹಿರಿಯರ ವಸತಿಯಲ್ಲಿ ಅವಳು ಟೇಲರಮ್ಮ ಹೋಗಿ ಟೇಲರ್ ಮೇಡಂ ಆದಳು. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟವಳು, ಎಪ್ಪತ್ತಾರಕ್ಕೆ ಮತ್ತೆ ಬೆಂಚಿನ ಮೇಲೆ, ಅರವತ್ತಕ್ಕೆ ಅರಳು ಮರಳು ಎನ್ನುವವರು ಬಂದು ನೋಡಲಿ, ಡಾಕ್ಟರು ಮೈಯ ಬಗ್ಗೆ ಮಾಡುವ ಈ ಪಾಠದ ಹತ್ತು ಮಂಗಳವಾರಗಳಲ್ಲಿ ಒಂದನ್ನೂ ತಪ್ಪಿಸಿಲ್ಲ, ಭಾನುವಾರ ಪ್ರಮಾಣಪತ್ರ, ಫೋಟೋ, ಮಗಳು ಅಳಿಯ ಬರುತ್ತಾರೆ, ಚಪ್ಪಾಳೆ. ಮಡಿಲಲ್ಲಿ ಬಟ್ಟೆಯ ಚೀಲ, ಚೀಲದೊಳಗೆ ಬೀಗಿತ್ತಿಯ ಬೂದುಬಣ್ಣದ ಕೋಟು, ಕೋಟಿನ ಎಡತೋಳು, ಅದರ ಹೊಲಿಗೆಯನ್ನು ಇನ್ನೂ ಬಿಚ್ಚಿಲ್ಲ.

ಬೀಗಿತ್ತಿ ಮುಂದಿನ ಸಾಲಿನಲ್ಲಿ ಕೂತಿದ್ದಾರೆ, ಯಾವಾಗಲೂ ಮುಂದಿನ ಸಾಲೇ, ಮೂವತ್ತು ವರ್ಷ ಹೆಡ್ ಮಿಸ್ಸಾಗಿದ್ದವರು ಹಿಂದೆ ಕೂರುತ್ತಾರೆಯೇ, ಬೆನ್ನು ನೆಟ್ಟಗೆ, ಬಲಗೈಯಲ್ಲಿ ಪೆನ್ನು, ಎಡಗೈ ಮಡಿಲಲ್ಲಿ, ಸುಮ್ಮನೆ ಮಡಿಲಲ್ಲಿ, ಹೋದ ತಿಂಗಳವರೆಗೂ ಆ ಕೈ ಮೇಜಿನ ಮೇಲೆ ನೋಟ್‌ಬುಕ್ಕನ್ನು ಒತ್ತಿ ಹಿಡಿದಿರುತ್ತಿತ್ತು. ತನ್ನ ಮಗಳನ್ನು ಸೊಸೆ ಮಾಡಿಕೊಂಡ ಹೆಂಗಸು, ಮದುವೆ ಮಾತುಕತೆಯಲ್ಲಿ ಹುಡುಗಿ ಹಸ್ತಾಕ್ಷರ ಹೇಗಿದೆ ಅಂತ ಕೇಳಿದ ಮಹಾತಾಯಿ, ಆಗ ಮೈಯೆಲ್ಲ ಉರಿದುಹೋಗಿತ್ತು, ಈಗ ಎದುರುಬದುರು ಕೋಣೆ, ಬೆಳಗಿನ ಚಹಾಕ್ಕೆ ಬಾಗಿಲು ತಟ್ಟುವವರು ಅವರೇ. ಬನ್ನಿ ಬೀಗಿತ್ತಿಯವ್ರೇ, ಕಿಟಕಿ ಪಕ್ಕ ಕೂತು ಯಾರ್ ಯಾರ್ ಬಟ್ಟೆ ಹೇಗಿದೆ ಅಂತ ನೋಡೋದು ಸಾಕು, ಕ್ಲಾಸಿಗೆ ಹೆಸರು ಕೊಟ್ಟಿದೀನಿ ಇಬ್ಬರದ್ದೂ, ಎಂದವರೂ ಅವರೇ. ಅಯ್ಯೋ ನನಗೆ ಬರೆಯೋಕೆ ಕೈ ತಿರುಗಲ್ಲ ಕಣ್ರೀ. ನೀವು ಕೇಳಿ, ನಾನು ಬರೀತೀನಿ, ಆಮೇಲೆ ಓದಿ ಹೇಳ್ತೀನಿ. ಹಾಗೆಯೇ ಓದಿ ಹೇಳಿದರು, ಪ್ರತಿ ಮಂಗಳವಾರ ಊಟವಾದ ಮೇಲೆ, ಹೃದಯ ಒಂದು ವಾರ, ಮೂಳೆ ಒಂದು ವಾರ, ತಪ್ಪು ಹೇಳಿದರೆ ಮೊಣಕೈಗೆ ಪೆನ್ಸಿಲಿನಿಂದ ತಟ್ಟುತ್ತಿದ್ದರು, ಅಷ್ಟು ಸಲಿಗೆ. ಅಷ್ಟು ಸಲಿಗೆಯಿದ್ದೂ ಈ ಒಂದು ಮಾತನ್ನು ಮಾತ್ರ ಐದು ದಿನದಿಂದ ಆಡಿಲ್ಲ.

ಗುರುವಾರ ಕೋಟು ತಂದು ಹಾಸಿಗೆ ಮೇಲೆ ಎಸೆದರು, ಎಡತೋಳು ಯಾಕೋ ಬಿಗಿ, ಬಿಚ್ಚಿ ಸಡಿಲ ಮಾಡಿ, ನಿಮ್ಮ ಕೈಚಳಕ ತೋರ್ಸಿ, ಭಾನುವಾರ ಹಾಕ್ಕೋಬೇಕು. ಎಡದ್ದು ಮಾತ್ರವಾ? ಎಡದ್ದು ಮಾತ್ರ. ಟೇಪು ತಾನಾಗಿಯೇ ಕತ್ತಿನಿಂದ ಇಳಿದು ಅವರ ತೋಳನ್ನು ಸುತ್ತಿತು, ಬಲ ಹನ್ನೊಂದೂವರೆ, ಎಡ ಹನ್ನೆರಡೂ ಮುಕ್ಕಾಲು, ಹೆಬ್ಬೆರಳಿನ ಉಗುರು ಆ ಗೆರೆಯ ಮೇಲೆ ನಿಂತುಬಿಟ್ಟಿತು. ಇನ್ನೊಮ್ಮೆ ಸುತ್ತಿದಳು, ಹನ್ನೆರಡೂ ಮುಕ್ಕಾಲು. ಬಲಗೈಯವರಿಗೆ ಬಲತೋಳು ದಪ್ಪ, ಅದು ಸಹಜ, ಅರ್ಧ ಬೆರಳು ಹೆಚ್ಚಿಗೇ ಬಿಡುತ್ತೇವೆ, ಎಡದ್ದು ಹೀಗೆ ಬಲಕ್ಕಿಂತ ಒಂದೂಕಾಲು ಇಂಚು ಏರುವುದು ಲೆಕ್ಕದಲ್ಲಿಲ್ಲ, ಇದೇ ಕೋಟನ್ನು ಎರಡು ವರ್ಷದ ಕೆಳಗೆ ಹೊಲಿದದ್ದು ಯಾರು, ಅವಳೇ, ಆಗ ಎಡದ್ದು ಹನ್ನೊಂದೂಕಾಲು. ಅವಳ ಟೇಪು ಸುಳ್ಳು ಹೇಳುವುದಿಲ್ಲ, ಕಣ್ಣು ಮಂಜಾಗಬಹುದು, ಮಂಡಿ ಕೈಕೊಡಬಹುದು, ಟೇಪು ಮಾತ್ರ ಇಲ್ಲ. ಎಷ್ಟಾಯ್ತು ಅಂದರು ಬೀಗಿತ್ತಿ. ಸ್ವಲ್ಪ ಅಂದಳು ಇವಳು, ಆ ಸ್ವಲ್ಪ ಎನ್ನುವ ಮಾತಿಗೆ ಈಗಲೂ ನಾಚಿಕೆಯಾಗುತ್ತದೆ.

ಯಾಕೆಂದರೆ ಇದೇ ಮಾತನ್ನು ಇನ್ನೊಬ್ಬಳಿಗೂ ಹೇಳಿದ್ದಳು, ಸ್ಟೇಷನ್ ಮಾಸ್ತರರ ಹೆಂಡತಿಗೆ, ನಲವತ್ತು ವರ್ಷವಾಯಿತು, ಅಂಗಡಿಗೆ ಬಂದರೆ ಮೊದಲು ನಗು ಬರುತ್ತಿತ್ತು ಆಮೇಲೆ ಆ ಹೆಂಗಸು. ಒಂದೇ ವರ್ಷದಲ್ಲಿ ಮೂರು ಸಲ, ರವಿಕೆ ಎಡತೋಳು ಬಿಚ್ಚಿಕೊಡಮ್ಮ, ಎಡತೋಳು ಬಿಚ್ಚಿಕೊಡಮ್ಮ, ಮೂರನೇ ಸಲ ಬಿಚ್ಚಲು ಒಳಗೆ ಬಟ್ಟೆಯೇ ಉಳಿದಿರಲಿಲ್ಲ. ಆಗ ಕಂಕುಳಿನ ಕೆಳಗೆ ಅದೇ ಬಣ್ಣದ ಒಂದು ಚೌಕದ ತುಂಡು ಸೇರಿಸಿ, ಗೆರೆಗೆ ಗೆರೆ ಕೂಡಿಸಿ, ಕೈ ಎತ್ತಿದರೂ ಕಾಣದ ಹಾಗೆ ಹೊಲಿದಳು, ಅಂಗಡಿಯ ಹುಡುಗಿಯರನ್ನೆಲ್ಲ ಕರೆದು ತೋರಿಸಿದಳು, ನೋಡ್ರೇ, ಹೊಲಿಗೆ ಅಂದ್ರೆ ಇದು. ಕನ್ನಡಿಯ ಮುಂದೆ ಆ ಹೆಂಗಸು ಎರಡೂ ಕೈ ಚಾಚಿ ನೋಡಿಕೊಂಡು, ಎಂಥಾ ಕೈಯಮ್ಮ ನಿಂದು, ದಪ್ಪಗಾಗಿದೀನಿ ಅಂತಾನೇ ಗೊತ್ತಾಗಲ್ಲ ಅಂತ ತಬ್ಬಿಕೊಂಡಳು. ಗೊತ್ತಾಗಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ, ಗಂಡನಿಗೂ ಇಲ್ಲ. ಮುಂದಿನ ಸಲ ಅವನೇ ಬಂದ, ಹೊಲಿಯಲು ಕೊಟ್ಟಿದ್ದ ಬಟ್ಟೆ ವಾಪಸು ಕೇಳಿದ, ಇನ್ನು ಬೇಡಮ್ಮ ಅಂದ, ಎದೆಯಲ್ಲಿದ್ದದ್ದು ಕಂಕುಳಿಗೆ ಬಂದಿತ್ತಂತೆ, ತಡವಾಯ್ತಂತೆ. ಪಾಪ ಅಂದಳು, ಮಿಷನ್ ತುಳಿದಳು, ತುಳಿಯುತ್ತಲೇ ಇದ್ದಳು, ಆದರೂ ಆ ತೋಳಿಗೂ ಆ ಸಾವಿಗೂ ಗಂಟು ಹಾಕಿ ನೋಡಲಿಲ್ಲ, ಬಟ್ಟೆಯವಳು, ಬಟ್ಟೆಯನ್ನಷ್ಟೇ ನೋಡಿದಳು.

ಗಂಟು ಬಿದ್ದದ್ದು ಇವತ್ತು, ಈಗ, ಇದೇ ಬೆಂಚಿನ ಮೇಲೆ. ಡಾಕ್ಟರು ಬೋರ್ಡಿನ ಮೇಲೆ ಒಂದು ತೋಳು ಬರೆದು ಅದರೊಳಗೆ ತೆಳುವಾಗಿ ಗೆರೆಗಳನ್ನು ಎಳೆಯುತ್ತಿದ್ದಾರೆ, ರಕ್ತನಾಳ ಅಲ್ಲ ಇವು, ಮೈಯೊಳಗಿನ ನೀರು ವಾಪಸ್ ಹೋಗೋ ದಾರಿ, ಎಲ್ಲಾ ಬಂದು ಸೇರೋದು ಇಲ್ಲಿ, ಕಂಕುಳಲ್ಲಿ, ಇಲ್ಲಿ ಏನಾದ್ರೂ ಅಡ್ಡ ಬಂತು ಅಂದ್ರೆ ಕೈ ಊದುತ್ತೆ, ನೋವು ಇರಲೇಬೇಕು ಅಂತಿಲ್ಲ, ಕಾರಣ ಹತ್ತಾರು ಇರ್ತವೆ, ಹೆದರೋದು ಬೇಡ, ಆದರೆ ಒಂದೇ ಕೈ ಊದಿದ್ರೆ ತೋರಿಸದೆ ಬಿಡಬಾರದು. ಬೀಗಿತ್ತಿ ಬರೆದುಕೊಳ್ಳುತ್ತಿದ್ದಾರೆ, ಬರೆಯುತ್ತಿದ್ದ ಪೆನ್ನು ನಿಂತಿತೇ, ಇಲ್ಲ, ನಿಂತಿತು, ಮತ್ತೆ ಹೊರಟಿತು. ಇವಳ ಕಿವಿಯಲ್ಲಿ ಮಿಷನ್ನಿನ ಸದ್ದು. ನೋಡ್ರೇ, ಹೊಲಿಗೆ ಅಂದ್ರೆ ಇದು — ಥೂ, ಹೊಗಳಿಕೊಂಡ ಬಾಯಿಗೆ ಬೆಂಕಿ ಹಾಕ. ಈಗ ಹೇಳಬೇಕು, ಹೇಳಿಯೇ ತೀರಬೇಕು, ಹೇಳಿದರೆ ಏನಾಗುತ್ತದೆ, ಬೀಗಿತ್ತಿಯಾದವಳು ಕೇಡು ನುಡಿದಳು ಅಂತಾರೆ, ಅಳಿಯ ಮುಖ ತಿರುಗಿಸುತ್ತಾನೆ, ಮಗಳು ಅಮ್ಮಾ ನಿನಗ್ಯಾಕೆ ಬೇಕಿತ್ತು ಅಂತಾಳೆ, ಏನೂ ಇಲ್ಲದಿದ್ದರಂತೂ ವರ್ಷಪೂರ್ತಿ ಆಡಿಕೊಂಡು ನಗುತ್ತಾರೆ, ನಾಲ್ಕನೇ ಕ್ಲಾಸಿನ ಡಾಕ್ಟರಮ್ಮ ಅಂತ. ನಗಲಿ! ಹಲ್ಲು ಸೆಟ್ ಬಿದ್ದುಹೋಗುವ ಹಾಗೆ ನಗಲಿ, ನಗುವುದಕ್ಕೆ ಇವರು ಇರಬೇಕಲ್ಲ, ಆ ನಗು ಕೇಳಲು ನಾನು ಚಹಾ ಹಿಡಿದು ಬಾಗಿಲಲ್ಲೇ ನಿಂತಿರುತ್ತೇನೆ. ಅಳೆದೂ ಸುರಿದೂ ಐದು ದಿನ ಕಳೆದದ್ದು ಸಾಕು, ಅಳತೆ ತೆಗೆದಾದ ಮೇಲೆ ಅನುಮಾನಪಟ್ಟರೆ ಕತ್ತರಿ ನಡೆಯುವುದಿಲ್ಲ, ಇದು ಅವಳೇ ಹುಡುಗಿಯರಿಗೆ ಹೇಳಿಕೊಟ್ಟ ಮೊದಲ ಪಾಠ.

ಕ್ಲಾಸು ಮುಗಿಯಿತು, ಕುರ್ಚಿಗಳು ಕಿರ್ ಎನ್ನುತ್ತವೆ, ಊರುಗೋಲುಗಳು ಹುಡುಕಾಡುತ್ತವೆ, ಡಾಕ್ಟರು ಬೋರ್ಡು ಒರೆಸುತ್ತಿದ್ದಾರೆ, ತೋಳಿನ ಅರ್ಧ ಅಳಿಸಿಹೋಗಿದೆ, ಬೀಗಿತ್ತಿ ಇತ್ತಲೇ ಬರುತ್ತಿದ್ದಾರೆ. ಬಿಚ್ಚಿದ್ರಾ ಕೋಟು? ಇಲ್ಲ. ಅಯ್ಯೋ, ಇನ್ನೂ ಇಲ್ವಾ, ಯಾವಾಗ ಬಿಚ್ತೀರಿ? ಬಿಚ್ಚಲ್ಲ. ತನ್ನದೇ ದನಿ ಅವಳಿಗೆ ಕೇಳಿಸಿತು, ಗಟ್ಟಿಯಾಗಿತ್ತು, ಅಂಗಡಿಯಲ್ಲಿ ಬಟ್ಟೆ ಸಾಲಲ್ಲ ಎನ್ನುವಾಗಿನ ದನಿ. ಯಾಕ್ರೀ, ಒಳಗೆ ಬಟ್ಟೆ ಬಿಟ್ಟಿಲ್ವಾ ನೀವು? ಬಟ್ಟೆ ಬೇಕಾದಷ್ಟಿದೆ, ಎರಡು ಇಂಚು ಬಿಟ್ಟಿದೀನಿ, ಕೋಟು ಸರಿಯಾಗೇ ಇದೆ ಬೀಗಿತ್ತಿಯವ್ರೇ, ತೋಳು ಸರಿಯಿಲ್ಲ, ಹಳೇ ಅಳತೆಗಿಂತ ಒಂದೂವರೆ ಇಂಚು ಊದಿದೆ, ಬರೀ ಎಡದ್ದು, ನಾನು ಇದನ್ನ ಬಿಚ್ಚಿಕೊಟ್ಟು ಮುಚ್ಚಿ ಹಾಕಲ್ಲ, ಬಯ್ಕೊಳ್ಳಿ ಬೇಕಾದ್ರೆ, ಡಾಕ್ಟ್ರು ಇಲ್ಲೇ ಇದಾರೆ. ಬಯ್ಯುತ್ತಾರೆ ಎಂದುಕೊಂಡಳು, ಪೆನ್ಸಿಲಿನಿಂದ ತಟ್ಟುತ್ತಾರೆ ಎಂದುಕೊಂಡಳು, ಹೆಡ್ ಮಿಸ್ಸಿನ ಬೆನ್ನು ಮೊದಲ ಸಲ ಸ್ವಲ್ಪ ಬಾಗಿತು, ಮೂರು ತಿಂಗಳಾಯ್ತು ಕಣ್ರೀ ಎಂದರು ಮೆಲ್ಲಗೆ, ಕಂಕುಳಲ್ಲಿ ಗಂಟೂ ಸಿಕ್ತಿದೆ ಕೈಗೆ, ನೀವು ಬಿಚ್ಚಿಕೊಟ್ಟಿದ್ರೆ ಏನಿಲ್ಲ ಅಂದ್ಕೊಂಡು ಇದ್ದುಬಿಡೋಣ ಅಂತಿದ್ದೆ. ಮೂರು ತಿಂಗಳು. ದಿನಾ ಬೆಳಗ್ಗೆ ಬಾಗಿಲು ತಟ್ಟಿದ್ದು ಬಲಗೈ, ಕಪ್ಪು ಹಿಡಿದದ್ದು ಬಲಗೈ, ಅವಳು ನೋಡಿದ್ದಳು, ನೋಡಿಯೂ ಕೇಳಿರಲಿಲ್ಲ, ಇನ್ನು ಅತ್ತುಕೊಂಡು ಕೂರಲು ಹೊತ್ತಿಲ್ಲ, ಡಾಕ್ಟರು ಚೀಲ ಹೆಗಲಿಗೇರಿಸಿದರು, ಡಾಕ್ಟ್ರೇ, ಹೋಗ್ಬೇಡಿ, ಒಂದ್ನಿಮಿಷ, ಇಲ್ಲಿ ಬನ್ನಿ, ಅವರು ತಿರುಗಿದರು, ಬರುತ್ತಿದ್ದಾರೆ, ನಾಲ್ಕು ಹೆಜ್ಜೆ, ಮೂರು, ಭುಜ ನೋಡ್ಬೇಕಾ ಮೇಡಂ ಎಂದು ನಗುತ್ತಾ, ನಗು ನಿಂತಿತು, ಬೀಗಿತ್ತಿ ಅಳತೆ ಕೊಡಲು ನಿಂತವರ ಹಾಗೆ ಎಡತೋಳನ್ನು ಮೈಯಿಂದ ಬಿಡಿಸಿ ಮೆಲ್ಲಗೆ ಚಾಚಿದರು, ಆ ತೋಳು, ಬರೀ ಆ ತೋಳು, ಚಾಚಿದ ಎಡತೋಳು.