ಮೆಳ್ಳಗಣ್ಣಿ

ತಾವೆತ್ತಿಯ ಕೋವಿಗೆ ಊರೆಲ್ಲ ಒಂದೇ ಹೆಸರು, ಮೆಳ್ಳಗಣ್ಣಿ. ಗುರಿಯಿಟ್ಟ ಜಾಗಕ್ಕಿಂತ ಒಂದು ಅಂಗೈ ಎಡಕ್ಕೆ ಹೊಡೆಯುತ್ತದೆಂದು ಅವನೇ ಇಟ್ಟ ಹೆಸರದು. ಹಾಗಾಗಿ ನಲವತ್ತು ವರ್ಷದಿಂದ ಒಂದು ಅಂಗೈ ಬಲಕ್ಕೆ ಗುರಿ ಹಿಡಿದು, ಹಿರ್ವಿ ಎಂಬ ಆ ಭಾರಿ ಕಡವೆಗಳನ್ನು ಉರುಳಿಸುತ್ತ ಬಂದಿದ್ದ. ಅವನ ಆಲೂಗಡ್ಡೆ ಸಾಲುಗಳೂ ಕೆರೆಯ ಕಡೆಗೆ, ಎಡಕ್ಕೇ ಬಾಗುತ್ತಿದ್ದವು. ಮೊದಲು ಕುದುರೆಯನ್ನು ಬೈಯುತ್ತಿದ್ದ. ಕುದುರೆ ಸತ್ತ ಮೇಲೆ ಟ್ರ್ಯಾಕ್ಟರನ್ನು ಬೈದ.

ಸೊಸೆ ಐನಿಗೆ ಈ ಮನೆಗೆ ಬಂದಾಗಿನಿಂದ ಪ್ರತಿ ಬೇಟೆಗಾಲದಲ್ಲೂ ಸಿಕ್ಕಿದ್ದು ಸೌಟು. ಗಂಡಸರು ಕಾಡಿಗೆ ಹೋದರೆ ಅವಳೂ ಅತ್ತೆ ಲೆಂಪಿಯೂ ಬೇಟೆಯ ಗುಡಿಸಲಿನಲ್ಲಿ ಮಾಂಸದ ಸಾರು ಕುದಿಸುತ್ತ ಕೂರಬೇಕು. ಈ ವರ್ಷ ತಾನೂ ಕೋವಿ ಹಿಡಿದು ಕಾಡಿನಲ್ಲಿ ನಿಲ್ಲುತ್ತೇನೆಂದು ಐನಿ ಹಟ ಹಿಡಿದಿದ್ದಳು. ಬೇಟೆಯ ಪರವಾನಗಿಗೆ ಬರೆಯುವ ಪರೀಕ್ಷೆ ಮುಗಿದಿತ್ತು. ಉಳಿದದ್ದು ಗುರಿಯ ಪರೀಕ್ಷೆ. ಹಲಗೆಯ ಮೇಲೆ ಬರೆದ ಕಡವೆ, ಅದರ ಎದೆಯಲ್ಲಿ ಊಟದ ತಟ್ಟೆಯಷ್ಟು ವೃತ್ತ, ಅದರೊಳಗೆ ನಾಲ್ಕು ಗುಂಡು. ಶನಿವಾರದ್ದೇ ಈ ವರ್ಷದ ಕೊನೆಯ ಪರೀಕ್ಷೆ. ತಪ್ಪಿದರೆ ಮತ್ತೆ ಸೌಟು. ಆದರೆ ಅವಳ ಕೈಗೊಪ್ಪುವ ಕೋವಿಯೇ ಇನ್ನೂ ಸಿಕ್ಕಿರಲಿಲ್ಲ.

ಬೇಟೆ ತಂಡದ ಮುಖಂಡ ಇಲ್ಮೊ ತನ್ನ ದಪ್ಪ ನಳಿಗೆಯ ಕೋವಿಯನ್ನು ತಂದುಕೊಟ್ಟ. "ಇದ್ರಲ್ಲಿ ಹೊಡೆದ್ರೆ ಕಡವೆ ಮಾತ್ರ ಅಲ್ಲ, ಹಿಂದಿನ ಮರಾನೂ ಬೀಳುತ್ತೆ ನೋಡು!"

ಮರ ಬೀಳಲಿಲ್ಲ. ಐನಿಯ ಟೋಪಿ ಬಿತ್ತು. ಭುಜ ಮೂರು ದಿನ ನೀಲಿಗಟ್ಟಿತ್ತು.

ಆಮೇಲೆ ಪೇಟೆಯ ಅಂಗಡಿಯವನು ದೂರದರ್ಶಕ ಕೂರಿಸಿದ ಹೊಸ ರೈಫಲ್ ಹೊಡೆದು ನೋಡಲು ಕೊಟ್ಟ. ಇದಕ್ಕಿಂತ ನಿಖರವಾದದ್ದು ಇಲ್ಲವೆಂದು ಪೆಟ್ಟಿಗೆಯ ಮೇಲೇ ಅಚ್ಚಾಗಿತ್ತು. ಆದರೆ ಅದರ ಹಿಡಿ ಐನಿಯ ತೋಳಿಗೆ ಉದ್ದ. ಬಾತುಕೋಳಿಯಂತೆ ಕತ್ತು ಚಾಚಿದರೂ ಗಾಜಿನೊಳಗೆ ಅರ್ಧ ಕತ್ತಲೆಯೇ ಕಂಡಿತು. ಹಲಗೆಯ ಮೇಲೆ ಗುಂಡಿನ ತೂತುಗಳು ಕೋಳಿಗೆ ಕಾಳು ಚೆಲ್ಲಿದಂತೆ ಹರಡಿದವು.

"ಕೋವಿ ಒಳ್ಳೇದೇ," ಇಲ್ಮೊ ತಲೆ ಕೆರೆದುಕೊಂಡ. "ನಿನ್ನ ಕೆನ್ನೆಗೆ ಒಗ್ಗಲಿಲ್ಲ, ಅಷ್ಟೆ. ಒಗ್ಗದ ಕೋವಿ ಎಷ್ಟು ನಿಖರ ಇದ್ದು ಏನು ಬಂತು?"

"ಹಾಗಾದ್ರೆ ಮೆಳ್ಳಗಣ್ಣೀನೇ ಕೊಡು," ಎಂದಳು ಲೆಂಪಿ ಗಂಡನಿಗೆ. "ಚಿಕ್ಕದು, ಹಗುರ."

"ಹಲ್ಲುಜ್ಜೋ ಬ್ರಶ್ಶು, ಕೋವಿ, ಎರಡನ್ನೂ ನಾನು ಯಾರಿಗೂ ಕೊಡಲ್ಲ."

"ನಿನಗೆ ಹಲ್ಲೆಲ್ಲಿದೆ? ಬ್ರಶ್ಶನ್ನೂ ಕೊಟ್ಟುಬಿಡು."

ಶನಿವಾರ ಬೆಳಿಗ್ಗೆ ಪರೀಕ್ಷೆಯ ಮೈದಾನದಲ್ಲಿ ತಾವೆತ್ತಿ ಗೊಣಗುತ್ತಲೇ ಕೋವಿಯನ್ನು ಸೊಸೆಯ ಕೈಗಿಟ್ಟ. ಭುಜಕ್ಕೇರಿಸಿದೊಡನೆ ಅದು ಸೊಂಟಕ್ಕೆ ಕೂಸು ಕೂತಂತೆ ಕೂತಿತು. ಕೆನ್ನೆ ತಾನಾಗಿಯೇ ಅದರ ಮರದ ಹಿಡಿಗೆ ತಾಗಿತು.

"ಒಂದು ಅಂಗೈ ಬಲಕ್ಕೆ, ಹುಡುಗಿ. ಮರೀಬೇಡ!"

ಮಾವ ಹೇಳಿದಂತೆಯೇ ಐನಿ ಅಭ್ಯಾಸಕ್ಕೆ ನಾಲ್ಕು ಹೊಡೆದಳು. ಹೋಗಿ ನೋಡಿದರೆ, ನಾಲ್ಕೂ ತೂತು ಒಂದು ಕಾಫಿ ಬಟ್ಟಲಿನಡಿ ಮುಚ್ಚಿಹೋಗುವಷ್ಟು ಹತ್ತಿರ. ಎಲ್ಲವೂ ವೃತ್ತದಿಂದಾಚೆ, ಬಲಕ್ಕೆ.

"ಗಾಳಿ," ಎಂದ ತಾವೆತ್ತಿ.

ಬರ್ಚ್ ಮರದ ಒಂದೆಲೆಯೂ ಅಲುಗುತ್ತಿರಲಿಲ್ಲ.

"ಮಾವ, ಇದು ನಾನು ನೋಡಿದ ಕಡೆಗೇ ಹೊಡೀತಿದೆ."

"ನಲವತ್ತು ವರ್ಷ ಹೊಡೆದೋನು ನಾನೋ ನೀನೋ? ಬಲಕ್ಕೇ ಹಿಡಿ."

ಪರೀಕ್ಷೆಗೆ ಅವಳ ಹೆಸರು ಕೂಗಿದರು. ಮಾವನ ಮಾತು ನಂಬುವುದೋ, ಹಲಗೆಯ ತೂತು ನಂಬುವುದೋ? ಒಂದು ತಪ್ಪಿದರೂ ಗುಡಿಸಲು, ಒಲೆ, ಸೌಟು. ಐನಿ ಉಸಿರು ಅರ್ಧ ಬಿಟ್ಟು, ವೃತ್ತದ ನಟ್ಟನಡುವೆ ಗುರಿಯಿಟ್ಟಳು. ಬೆಳಿಗ್ಗೆ ಹಸುವಿನ ಮೊಲೆ ಹಿಂಡುವಷ್ಟೇ ಮೆಲ್ಲಗೆ ಬೆರಳು ಬಿಗಿದಳು. ಕೋವಿ ತನ್ನಷ್ಟಕ್ಕೆ ಸಿಡಿಯಿತು. ಹಾಗೆಯೇ ಇನ್ನೂ ಮೂರು.

ನಾಲ್ಕೂ ನಡುವೆ ಬಿದ್ದಿದ್ದವು.

ಇಲ್ಮೊ ಗಂಟಲು ಸರಿಮಾಡಿಕೊಂಡ. "ತಾವೆತ್ತಿ, ನೀ ನೋಡ್ದೇ ಇದ್ದಾಗ ನಾನೂ ಒಂದ್ಸಲ ಇದ್ರಲ್ಲಿ ನೀ ಹೇಳೋ ಹಂಗೇ ಬಲಕ್ಕೆ ಹೊಡೆದಿದ್ದೆ. ಬಲಕ್ಕೇ ಹೋಯ್ತು. ನನ್ನದೇ ತಪ್ಪು ಅಂತ ಬಾಯಿ ಮುಚ್ಕೊಂಡಿದ್ದೆ."

"ಕೊಡಿಲ್ಲಿ!" ತಾವೆತ್ತಿ ಕೋವಿ ಕಿತ್ತುಕೊಂಡು ನಡುವೆಯೇ ಗುರಿಯಿಟ್ಟು ಹೊಡೆದ. ಗುಂಡು ಸರಿಯಾಗಿ ಒಂದು ಅಂಗೈ ಎಡಕ್ಕೆ. ಇನ್ನೊಂದು ಹೊಡೆದ. ಅದೂ ಎಡಕ್ಕೆ. ಐನಿ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಮಾವ ಕಳೆ ಕೀಳುವವನಂತೆ ಕೋವಿಯ ಟ್ರಿಗರನ್ನು ಒಮ್ಮೆಲೇ ಜಗ್ಗುತ್ತಿದ್ದ. ಜಗ್ಗುವ ಹೊತ್ತಿಗೆ ಎರಡೂ ಕಣ್ಣು ಮುಚ್ಚಿರುತ್ತಿದ್ದವು.

ಹೇಳಲೋ ಬೇಡವೋ ಎಂದು ಅವಳು ತಡವರಿಸುವಷ್ಟರಲ್ಲಿ ಲೆಂಪಿ ಬಾಯಿ ಬಿಟ್ಟಳು. "ಆಲೂಗಡ್ಡೆ ಸಾಲು ನೋಡಿ ನನಗೆ ಯಾವತ್ತೋ ಗೊತ್ತಾಗಿತ್ತು. ನನ್ನನ್ನ ಯಾರು ಕೇಳಿದ್ರಿ?"

ಇಲ್ಮೊ ನಗು ತಡೆಯಲಾರದೆ ಬೆನ್ನು ತಿರುಗಿಸಿದ. ತಾವೆತ್ತಿ ಕೋವಿಯನ್ನು ಸವರಿದ.

"ಪಾಪ, ಇಷ್ಟು ವರ್ಷ ಸುಮ್ಮನೆ ಬೈಸಿಕೊಂಡೆಯಲ್ಲೇ," ಎಂದ ಅದಕ್ಕೆ. ಆಮೇಲೆ ಸೊಸೆಯ ಕಡೆ ಚಾಚಿದ. "ತಗೋ ಹುಡುಗಿ. ಕಾಗದಪತ್ರ ಸೋಮವಾರ ಮಾಡ್ಸೋಣ. ಮೆಳ್ಳಗಣ್ಣಿ ಅನ್ನೋ ಹೆಸರು ಮಾತ್ರ ನನಗಿರಲಿ."

"ಕೋವಿ ಕೊಟ್ಟ ಮೇಲೆ ಸೌಟು ಹಿಡೀಬೇಕಾಗುತ್ತೆ," ಎಂದಳು ಲೆಂಪಿ.

ಬೇಟೆಯ ಮೊದಲ ದಿನ ಮಧ್ಯಾಹ್ನ ಐನಿ ಬೂಟಿನ ಕೆಸರು ಒರೆಸಿಕೊಂಡು ಗುಡಿಸಲಿಗೆ ಬಂದಾಗ ಒಲೆಯ ಮುಂದೆ ತಾವೆತ್ತಿ ನಿಂತಿದ್ದ. ಲೆಂಪಿಯ ಏಪ್ರನ್ ಅವನ ಹೊಟ್ಟೆಗೆ ಸಾಲುತ್ತಿರಲಿಲ್ಲ.

"ಹಿಡಿ ಬಟ್ಟಲು!" ಎಂದು ಹಬೆಯಾಡುವ ಸೌಟೆತ್ತಿದ.

ಐನಿ ಬಟ್ಟಲನ್ನು ಮೇಜಿನ ಮೇಲೆ ಅವನ ಎದುರಿಗಿಟ್ಟಳು. ಏನೋ ನೆನಪಾಯಿತು. ಒಂದು ಅಂಗೈಯಷ್ಟು ಅವನ ಎಡಕ್ಕೆ ಸರಿಸಿದಳು.