ಕೋರೆ ಸುತ್ತು ಬರುವತನಕ

ನಮ್ಮಪ್ಪ ತೋಟ ಪಾಲು ಮಾಡಿದ ಹಾಗೆ ಮೂವರು ಗಂಡುಮಕ್ಕಳನ್ನು ಪಾಲು ಮಾಡಿದ. ದೊಡ್ಡವನು ಗಾಯೆತಾನ್ ಫ್ರೆಂಚ್ ಪಾದ್ರಿಗಳ ಶಾಲೆಗೆ. ನಡುವಿನವನು ಓಬೆಡ್ ಇಂಗ್ಲಿಷ್ ಪಾದ್ರಿಗಳ ಶಾಲೆಗೆ. ಕಿರಿಯವನು ನಾನು, ಅಯಿಸೆನ್, ಗೆಣಸಿನ ತೋಟಕ್ಕೆ. ಊರ ಶಾಲೆಯಲ್ಲಿ ಓದು ಬರಹ ಹತ್ತುವಷ್ಟು ಹೊತ್ತು ಮಾತ್ರ ನನ್ನನ್ನು ಕೂರಿಸಿದರು. ಆಮೇಲೆ ಕೈಗೆ ಕತ್ತಿ ಕೊಟ್ಟರು.

ಅಪ್ಪನನ್ನು ದಡ್ಡ ಎನ್ನಲಾರೆ. ಆಗ ನಮ್ಮ ದ್ವೀಪಗಳನ್ನು ಇಂಗ್ಲಿಷರು, ಫ್ರೆಂಚರು ಇಬ್ಬರೂ ಒಟ್ಟಿಗೇ ಆಳುತ್ತಿದ್ದರು. ಎರಡು ಪೊಲೀಸು, ಎರಡು ಜೈಲು, ಎರಡು ಆಸ್ಪತ್ರೆ. ಕೊನೆಗೆ ಯಾರು ಉಳಿಯುತ್ತಾರೋ ಯಾರಿಗೂ ಗೊತ್ತಿರಲಿಲ್ಲ. ಯಾರೇ ಉಳಿದರೂ ಅವರ ಭಾಷೆ ಬಲ್ಲವನೊಬ್ಬ ನಮ್ಮ ಮನೆಯಲ್ಲಿರಲಿ ಎಂದು ಅಪ್ಪ ಯೋಚಿಸಿದ. ಊರಿನಲ್ಲಿ ಅರ್ಧ ಮನೆಗಳು ಹಾಗೇ ಮಾಡಿದ್ದವು. ಕೊನೆಗೆ ಇಬ್ಬರೂ ಹೊರಟುಹೋದರು. ಅವರ ಶಾಲೆಗಳು ಉಳಿದುಕೊಂಡವು.

ವನುವಾಟುವಿನಲ್ಲಿ ಪಕ್ಷಗಳು ಎಲ್ಲೆಲ್ಲಿ ಹೇಗೆ ಹುಟ್ಟಿದವು ಎಂದು ಓದಿದವರು ಬರೆದುಕೊಳ್ಳಲಿ. ನಮ್ಮೂರಿನಲ್ಲಿ ಆ ಶಾಲೆಗಳ ಬೆಂಚಿನ ಮೇಲೆ ಹುಟ್ಟಿದವು. ಯೋಚನೆ ಮಾಡಿ ಪಕ್ಷ ಸೇರಿದವನನ್ನು ನಾನು ಕಂಡಿಲ್ಲ. ಯಾವ ಬೆಂಚಿನಲ್ಲಿ ಕೂತಿದ್ದೆಯೋ ಅದೇ ನಿನ್ನ ಪಕ್ಷ. ಅವಕ್ಕೆ ಉದ್ದುದ್ದ ಹೆಸರುಗಳಿದ್ದವು. ನಾವು ಇಂಗ್ಲಿಷ್ ಪಕ್ಷ, ಫ್ರೆಂಚ್ ಪಕ್ಷ ಎನ್ನುತ್ತಿದ್ದೆವು. ಗುಡ್ಡಕ್ಕೊಂದು, ಕೊಲ್ಲಿಗೊಂದು ಎಂದು ನೂರಕ್ಕೂ ಮೀರಿ ಭಾಷೆಗಳಿರುವ ದೇಶ ನಮ್ಮದು. ಹೊಡೆದಾಡಿದ್ದು ಮಾತ್ರ ಎರಡು ಪರದೇಶಿ ಭಾಷೆಗಳ ಹೆಸರಿನಲ್ಲಿ. ಬೈಗುಳಕ್ಕೆ ಸ್ವಂತ ಭಾಷೆಯೇ ಬೇಕಾಗುತ್ತಿತ್ತು.

ನಕಮಾಲು ಎಂದರೆ ಗಂಡಸರು ಸೇರುವ ಚಾವಡಿ; ಅಲ್ಲಿ ಕಾವಾ ಬೇರಿನ ಅಮಲು ರಸ ಕುಡಿದ ಮೇಲೆ ದನಿ ಎತ್ತಬಾರದು. ನನ್ನ ಅಣ್ಣಂದಿರು ಅಲ್ಲಿಯೂ ಎತ್ತಿದರು.

"ನಾಳೆ ಬೆಳಿಗ್ಗೇನೇ ಸ್ವಾತಂತ್ರ್ಯ ಬೇಕಂತಲ್ಲೋ ನಿಮ್ಮೋರಿಗೆ?" ಎಂದ ಗಾಯೆತಾನ್. "ಬಿಸ್ಕತ್ತು ಕೇಳಿದ ಹಾಗೆ ಕೇಳ್ತಿದ್ದೀರಲ್ಲ."

"ನಿಮ್ಮೋರಿಗೆ ಯಾವಾಗ ಬೇಕಣ್ಣಾ? ಪಾದ್ರಿ ಹೇಳಿದ ದಿನವಾ?"

"ಪಾದ್ರಿ ಹೆಸರೆತ್ತಬೇಡ."

"ಎತ್ತಲ್ಲ ಬಿಡು. ನೀನೇ ಹೊತ್ಕೊಂಡು ತಿರುಗ್ತಿದ್ದೀಯಲ್ಲ."

ಅಪ್ಪ ಇಬ್ಬರಿಗೂ ಚಿಪ್ಪಿನಿಂದ ನೀರು ಎರಚಿದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಸ್ವಾತಂತ್ರ್ಯ ಬಂದ ವರ್ಷವೇ ನಮ್ಮ ಮರಳದಂಡೆಯಲ್ಲಿ ಜಗಳವಾಯಿತು. ಇಂಗ್ಲಿಷ್ ಪಕ್ಷದವರು ಗೆದ್ದ ಖುಷಿಗೆ ಬಾವುಟ ಏರಿಸಲು ಬಂದರು. ಬಾವುಟದ ಕಂಬ ನಮ್ಮ ನೆಲದಲ್ಲಿ ನಿಲ್ಲಕೂಡದು ಎಂದು ಫ್ರೆಂಚ್ ಪಕ್ಷದವರು ಬಂದರು. ಮೊದಲು ತೆಂಗಿನ ಸಿಪ್ಪೆ ಹಾರಿತು, ಆಮೇಲೆ ಹವಳದ ಕಲ್ಲು. ಒಂದು ಕಲ್ಲು ಓಬೆಡ್‌ನ ಕಪಾಲಕ್ಕೆ ಬಿತ್ತು. ಕೂತ, ಮಲಗಿದ, ಮತ್ತೆ ಏಳಲಿಲ್ಲ. ಅದು ಯಾರ ಕೈಯ ಕಲ್ಲೋ ಯಾರೂ ನೋಡಲಿಲ್ಲ. ಗಾಯೆತಾನ್ ಕಲ್ಲು ಎಸೆಯುತ್ತಿದ್ದದ್ದನ್ನು ಎಲ್ಲರೂ ನೋಡಿದ್ದರು.

ಮಕ್ಕಳ ರಕ್ತ ತಾಯಿಯ ತವರಿನದು ಎಂಬುದು ನಮ್ಮ ಮಾಲೆಕುಲಾ ದ್ವೀಪದ ಕಟ್ಟಳೆ. ರಕ್ತ ಚೆಲ್ಲಿದರೆ ಸೋದರಮಾವನಿಗೆ ತೀರಿಸಬೇಕು. ನಮ್ಮ ಮಾವ ಮಾಲ್ರೆಸ್ ಓಬೆಡ್‌ನನ್ನು ಹೂಳುವ ಗುಂಡಿಯ ಪಕ್ಕದಲ್ಲೇ ನಿಂತು ಹೇಳಿದ: "ಕೋರೆ ಪೂರ್ತಿ ಸುತ್ತು ಬಂದ ಗಂಡು ಹಂದಿ ನನಗೆ ಬೇಕು. ನನ್ನ ಅಂಗಳದಲ್ಲಿ, ಓಬೆಡ್ ಹೆಸರು ಕೂಗಿ ಅದನ್ನ ಕೊಲ್ಲಬೇಕು. ಅಲ್ಲೀತನಕ ಗಾಯೆತಾನ್ ಕಾಲು ಈ ಮರಳು ಮುಟ್ಟಿದ್ರೆ ಬಾಣ ಬಿಡ್ತೀನಿ."

ಅವ್ವ ಅವನ ಕೈ ಹಿಡಿದಳು. "ಅವನೂ ನಿನ್ನ ಅಕ್ಕನ ಮಗನೇ ಅಲ್ವೇನೋ?"

"ಅದಕ್ಕೇ ಹಂದಿ ಕೇಳಿದ್ದು. ಬೇರೆಯವನಾಗಿದ್ರೆ ತಲೆ ಕೇಳ್ತಿದ್ದೆ."

ಮಣ್ಣಿಗೆ ಬರದೆ ದೂರವಿದ್ದ ಗಾಯೆತಾನ್ ಅಂದೇ ದೋಣಿ ಹತ್ತಿ ಸಾಂತೋ ದ್ವೀಪಕ್ಕೆ ಹೋದ. ಅಲ್ಲಿಯ ಬಂದರಿನಲ್ಲಿ ಕೊಬ್ಬರಿ ಮೂಟೆ ಹೊರುವ ಕೆಲಸ ಹಿಡಿದ.

ಸುತ್ತು ಕೋರೆಯ ಹಂದಿ ಸಂತೆಯಲ್ಲಿ ಸಿಗುವುದಿಲ್ಲ. ಮರಿಯಾಗಿದ್ದಾಗಲೇ ಮೇಲ್ದವಡೆಯ ಎರಡು ಕೋರೆಹಲ್ಲುಗಳನ್ನು ಬಡಿದು ಕೀಳಬೇಕು. ತಡೆಯುವ ಹಲ್ಲಿಲ್ಲದೆ ಕೆಳಗಿನ ಕೋರೆ ಬೆಳೆಯುತ್ತಾ ಹೋಗುತ್ತದೆ. ಮೇಲೆ ಏರಿ, ಹಿಂದಕ್ಕೆ ಬಾಗಿ, ಕೆಳಗಿಳಿದು, ಕೆನ್ನೆ ತೂತು ಮಾಡಿಕೊಂಡು ತನ್ನ ದವಡೆಗೇ ಬಂದು ಸೇರುತ್ತದೆ. ಅಷ್ಟು ಆಗಲು ಏಳೆಂಟು ವರ್ಷ ಬೇಕು. ಹಂದಿ ಅಷ್ಟೂ ವರ್ಷ ನೋವು ತಿನ್ನುತ್ತದೆ, ಸಾಕುವವನು ಅಗಿಯಲಾರದ ಅದರ ಬಾಯಿಗೆ ಕೆಸುವಿನ ಗಡ್ಡೆ ಬೇಯಿಸಿ, ತೆಂಗಿನಕಾಯಿ ತುರಿದು, ಕಲಸಿ ಉಣ್ಣಿಸುತ್ತಾನೆ. ಹಂದಿ ಬೇಲಿಗೋ ಬಂಡೆಗೋ ಮೂತಿ ಗುದ್ದಿದರೆ ಮುಗಿಯಿತು.

ಅಪ್ಪ ಶುರು ಮಾಡಿದ ಹಂದಿ ಹಾಗೇ ಮುಗಿಯಿತು. ಚಂಡಮಾರುತದ ದಿನ ಹೆದರಿ ಕಲ್ಲಿಗೆ ಗುದ್ದಿ ಒಂದು ಕೋರೆ ಮುರಿದುಕೊಂಡಿತು. ಅಪ್ಪ ಆಮೇಲೆ ಹೆಚ್ಚು ದಿನ ಬದುಕಲಿಲ್ಲ. ಎರಡನೆಯದನ್ನು ನಾನು ಸಾಕಿದೆ. ನನಗೆ ಸಿಟ್ಟು ಬೇಗ. ಹೆಂಡತಿ ಮಕ್ಕಳ ಮೇಲೆ, ದೇವರ ಮೇಲೆ, ಎಲ್ಲರ ಮೇಲೂ ಕೂಗಾಡಿದ್ದೇನೆ. ಆ ಹಂದಿಯ ಮೇಲೆ ಒಮ್ಮೆಯೂ ದನಿ ಎತ್ತಲಿಲ್ಲ.

ಈ ಹಂದಿಯನ್ನು ಹೆಂಗಸರು ಮುಟ್ಟಬಾರದು. ಅವ್ವ ದಿನಾ ಬೇಲಿಯ ಆಚೆ ನಿಂತು ಕೇಳುತ್ತಿದ್ದಳು: "ಎಲ್ಲಿಗೆ ಬಂತೋ?" ನಾನು ತೋರುಬೆರಳನ್ನು ಬಗ್ಗಿಸಿ ತೋರಿಸುತ್ತಿದ್ದೆ. ಇಷ್ಟು. ಇನ್ನು ಇಷ್ಟು. ಅವಳು ತನ್ನ ಬೆರಳನ್ನು ಅಷ್ಟೇ ಬಗ್ಗಿಸಿಕೊಂಡು ಮನೆಗೆ ಹೋಗುತ್ತಿದ್ದಳು.

ಅಷ್ಟರಲ್ಲಿ ಪಕ್ಷಗಳು ಮರಿ ಹಾಕಿದವು. ಇಂಗ್ಲಿಷ್ ಪಕ್ಷದ ಯಜಮಾನರು ತಮ್ಮತಮ್ಮಲ್ಲೇ ಕಚ್ಚಾಡಿ ಎರಡಾದರು. ಅದರಲ್ಲೊಂದು ತುಂಡು ಮತ್ತೆ ಒಡೆಯಿತು. ಫ್ರೆಂಚ್ ಪಕ್ಷದ್ದೂ ಅದೇ ಹಾಡು. ಪ್ರತಿ ತುಂಡೂ ಒಂದೊಂದು ಬಣ್ಣದ ಅಂಗಿ ಹಂಚಿತು. ನಮ್ಮೂರಿನಲ್ಲಿ ಬಟ್ಟೆ ಒಣಗಿಸುವ ಹಗ್ಗ ನೋಡಿದರೆ ದೇಶದ ಚರಿತ್ರೆಯೆಲ್ಲ ತೂಗಾಡುತ್ತಿತ್ತು. ಮಾಲ್ರೆಸ್ ಮಾವ ಮಾತ್ರ ಅಂಗಿ ಬದಲಿಸಲಿಲ್ಲ. ಓಬೆಡ್ ಸತ್ತ ಪಕ್ಷ ಎಂದು ಇಂಗ್ಲಿಷ್ ಪಕ್ಷದ ಹಳೆಯ ತುಂಡನ್ನೇ ಹಿಡಿದು ಊರಿನಲ್ಲಿ ಅದರ ಮುಖಂಡನಾದ.

ಸ್ವಾತಂತ್ರ್ಯ ಬಂದು ಹನ್ನೊಂದು ವರ್ಷಕ್ಕೆ ನಡೆದ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಫ್ರೆಂಚ್ ಪಕ್ಷವೂ ಮಾವನ ಇಂಗ್ಲಿಷ್ ತುಂಡೂ ಕೂಡಿ ಸರ್ಕಾರ ಮಾಡುತ್ತವೆ ಎಂದು ರೇಡಿಯೋ ಹೇಳಿತು. ನಾನು ಕೆಸು ಸುಲಿಯುತ್ತಿದ್ದೆ. ಕೈಯಲ್ಲಿದ್ದ ಗಡ್ಡೆಯನ್ನು ರೇಡಿಯೋಕ್ಕೆ ಎಸೆದೆ.

ಕೆಲವು ದಿನಗಳಲ್ಲಿ ಒಂದು ಟ್ರಕ್ ಬಂತು. ಇಂಗ್ಲಿಷ್ ಪಕ್ಷದ ಸೆತಿ, ಫ್ರೆಂಚ್ ಪಕ್ಷದ ಮಾರ್ಸೆಲಿನ್ ಮುಂದಿನ ಸೀಟಿನಲ್ಲಿ ತೊಡೆಗೆ ತೊಡೆ ತಾಗಿಸಿ ಕೂತಿದ್ದರು. ಹನ್ನೊಂದು ವರ್ಷದ ಹಿಂದೆ ಮರಳಿನ ಮೇಲೆ ಕಲ್ಲು ಆರಿಸಿಕೊಡುತ್ತಿದ್ದವರು ಇವರೇ. ಒಬ್ಬ ಈ ಕಡೆ, ಒಬ್ಬ ಆ ಕಡೆ. ಹಿಂದೆ ಮಾಲ್ರೆಸ್ ಮಾವ ಕೂತಿದ್ದ.

"ಏನ್ರಪ್ಪಾ, ದಾರಿ ತಪ್ಪಿ ಒಂದೇ ಗಾಡಿ ಹತ್ತಿದ್ರಾ?" ಎಂದೆ.

ಮಾರ್ಸೆಲಿನ್ ನಕ್ಕ. "ದೇಶಕ್ಕೋಸ್ಕರ ಹತ್ತಿದ್ದು ತಮ್ಮಾ."

"ಬಾಡಿಗೆ ಉಳೀತು ಅನ್ನು."

ಸೆತಿ ನೇರ ಬೇಲಿಯ ಹತ್ತಿರ ಹೋದ. "ರಾಜಧಾನಿ ವಿಲಾದಲ್ಲಿ ದೊಡ್ಡ ರಾಜಿ ನಡೀತಿದೆ. ಎಲ್ಲಾ ದ್ವೀಪದಿಂದ ಹಂದಿ ಬರ್ತಿವೆ. ಇಂಥ ಕೋರೆ ಎಲ್ಲೂ ಇಲ್ಲ. ಎರಡೂ ಪಕ್ಷದ ಮುಖಂಡರು ಒಂದೇ ದೊಣ್ಣೆ ಹಿಡಿದು ಇದನ್ನ ಹೊಡೀತಾರೆ. ನಿಮ್ಮೂರ ಹೆಸರು ಇಡೀ ದೇಶ ಕೇಳುತ್ತೆ."

"ಊರ ಹೆಸರು ಕೇಳಿಸೋಕೆ ಸಾಕಿಲ್ಲ. ಅಣ್ಣನ್ನ ಕರೆಸೋಕೆ ಸಾಕಿದ್ದು. ನಡೀರಿ."

"ಕೋರೆ ಇನ್ನೂ ಕೂಡಿಲ್ಲ ಅಲ್ವಾ?" ಎಂದ ಮಾವ. ಅದು ನಿಜ. ಎಡಗಡೆಯದು ದವಡೆ ಮುಟ್ಟಲು ಬೆರಳಿನಷ್ಟು ಬಾಕಿಯಿತ್ತು. "ಇನ್ನೊಂದು ವರ್ಷ ಬೇಕು. ಆ ವರ್ಷ ನಿನಗೆ ಮಾಫಿ. ಹಂದೀನ ಇವರಿಗೆ ಕೊಡು, ನನಗೇ ಬಂತು ಅಂದ್ಕೋತೀನಿ. ಗಾಯೆತಾನ್ ಮುಂದಿನ ದೋಣಿಗೇ ಬರಲಿ."

"ನಿನ್ನ ಅಂಗಳದಲ್ಲಿ ಕೊಲ್ಲಬೇಕು ಅಂದಿದ್ದೆ ಮಾಮ. ಓಬೆಡ್ ಹೆಸರು ಕೂಗಬೇಕು ಅಂದಿದ್ದೆ."

"ಹೇಳಿದವನು ನಾನೇ. ಈಗ ಬಿಟ್ಟವನೂ ನಾನೇ. ಏನೀಗ?"

ಪಕ್ಷದವರು ಅವನಿಗೆ ದ್ವೀಪದ ಮಂಡಳಿಯಲ್ಲಿ ಅಧ್ಯಕ್ಷನ ಕುರ್ಚಿ ತೋರಿಸಿದ್ದಾರೆಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ನಾನು ಅದನ್ನು ಅವನ ಮುಖಕ್ಕೇ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬೇಲಿಯ ಆಚೆಯಿಂದ ಅವ್ವ ಮಾತಾಡಿದಳು.

"ಕೊಡು ಅಯಿಸೆನ್."

"ಅವ್ವಾ, ಒಂದೇ ವರ್ಷ."

"ನನ್ನ ಹತ್ರ ವರ್ಷ ಎಲ್ಲಿದೆಯೋ? ಕೊಡು."

ಹಂದಿಯನ್ನು ನಾನೇ ಟ್ರಕ್ಕಿಗೆ ಹತ್ತಿಸಿದೆ. ಬೇರೆಯವರ ಕೈಗೆ ಅದು ಬಗ್ಗುತ್ತಿರಲಿಲ್ಲ. ಮೂತಿ ಗುದ್ದದಿರಲೆಂದು ಸುತ್ತಲೂ ಬಾಳೆದಿಂಡು ಇಟ್ಟೆ. ಸಾಂತೋಗೆ ಹೋಗುವ ದೋಣಿಯವನ ಬಳಿ ಅಣ್ಣನಿಗೆ ಹೇಳಿ ಕಳಿಸಿದೆ: ಬಾ.

ವಿಲಾದ ರಾಜಿಯನ್ನು ರೇಡಿಯೋದಲ್ಲಿ ಕೇಳಿದೆವು. ಹಂದಿಯ ಕೂಗು ಕೇಳಿಸಿತು. ಅದು ನಮ್ಮದೇ ಎಂದು ನನಗೆ ಗೊತ್ತಾಯಿತು. ಇಬ್ಬರು ಮುಖಂಡರ ಹೆಸರು ಕೂಗಿದರು, ಎರಡು ಪಕ್ಷಗಳ ಹೆಸರು ಕೂಗಿದರು, ಚಪ್ಪಾಳೆ ಬಿತ್ತು. ಓಬೆಡ್ ಹೆಸರು ಬರಲಿಲ್ಲ. ಅವ್ವ ಲಾಪ್‌ಲಾಪ್ ಎಂಬ ಎಲೆಗಡುಬು ಮಾಡಲು ಗೆಣಸು ತುರಿಯುತ್ತಿದ್ದಳು. ತುರಿಯುವುದನ್ನು ನಿಲ್ಲಿಸಲಿಲ್ಲ.

ಅಣ್ಣ ತಕ್ಷಣ ಬರಲಿಲ್ಲ. ಮಾತು ತಲುಪಬೇಕು, ದೋಣಿ ಸಿಗಬೇಕು, ಸಮುದ್ರ ಒಪ್ಪಬೇಕು. ಅವನು ಹೊರಡುವಷ್ಟರಲ್ಲಿ ಸರ್ಕಾರ ಬಿರುಕು ಬಿಟ್ಟಿತ್ತು. ಖಾತೆ ಹಂಚುವಾಗ ಜಗಳವಾಯಿತಂತೆ. ಮಂಡಳಿಯ ಕುರ್ಚಿಗೆ ಫ್ರೆಂಚ್ ಶಾಲೆಯಲ್ಲಿ ಓದಿದ ಯಾರನ್ನೋ ಕೂರಿಸಿದರಂತೆ. ಮಾವನ ಪಕ್ಷ ಹೊರಗೆ ಬಂತೆಂದು ರೇಡಿಯೋ ಹೇಳಿತು. ಮರುದಿನ ಮಧ್ಯಾಹ್ನ ಬಂಡೆಸಾಲಿನ ಆಚೆ ದೋಣಿ ಕಾಣಿಸಿತು.

ನಾವು ಮರಳದಂಡೆಗೆ ಓಡಿದೆವು. ಮಾಲ್ರೆಸ್ ಮಾವ ಆಗಲೇ ಅಲ್ಲಿದ್ದ, ಕೈಯಲ್ಲಿ ಬಿಲ್ಲು ಹಿಡಿದು.

"ಅದನ್ನ ಕೆಳಗಿಡು ಮಾಮ. ಹಂದಿ ತಗೊಂಡಾಯ್ತು."

"ನಾನು ಯಾವ ಹಂದಿ ತಗೊಂಡೆ? ನನ್ನ ಅಂಗಳದಲ್ಲಿ ರಕ್ತ ಬಿದ್ದಿದೆಯಾ ನೋಡ್ಕೊಂಡು ಬಾ. ಅದರ ದವಡೆ ನನ್ನ ತೊಲೇಲಿ ನೇತಾಡ್ತಿದೆಯಾ ನೋಡ್ಕೊಂಡು ಬಾ. ಅದು ಸೆತಿಯ ಆಫೀಸಿನ ಗೋಡೇಲಿದೆ."

"ನನಗೇ ಬಂತು ಅಂದ್ಯಲ್ಲೋ! ನನ್ನ ಬೇಲಿ ಹತ್ರ ನಿಂತು ಅಂದ್ಯಲ್ಲೋ!"

"ಅಂದೆ. ಆದರೆ ಹಂದಿ ಬೀಳೋವಾಗ ಯಾರ ಹೆಸರು ಕೂಗ್ತಾರೋ ರಾಜಿ ಅವರದ್ದು. ಎರಡು ಪಕ್ಷದ ಹೆಸರು ಕೂಗಿದ್ರು. ಆ ಪಕ್ಷಗಳ ರಾಜಿ ನಿನ್ನೆ ಮುರೀತು. ಆ ಹಂದಿಯಿಂದ ಆಗಿದ್ದ ನಮ್ಮ ರಾಜೀನೂ ಮುರೀತು. ನಿಮ್ಮಪ್ಪ ಬದುಕಿದ್ರೆ ಅವನೂ ಇದನ್ನೇ ಹೇಳ್ತಿದ್ದ."

ಅವನ ಕುತ್ತಿಗೆ ಹಿಸುಕಲು ಎರಡು ಹೆಜ್ಜೆ ಇಟ್ಟೆ. ನಿಂತುಬಿಟ್ಟೆ. ಅವನು ಕುರ್ಚಿ ಹೋದ ಉರಿಗೆ ಆಡುತ್ತಿದ್ದ, ಅದು ಕುರುಡನಿಗೂ ಕಾಣುವಂತಿತ್ತು. ಆದರೂ ಕಟ್ಟಳೆಯ ಪ್ರಕಾರ ಅವನು ಆಡಿದ್ದು ಸರಿಯಾಗಿತ್ತು. ಹಿಂದೆ ನಿಂತಿದ್ದ ಊರ ಹಿರಿಯರ ಮುಖ ನೋಡಿದೆ. ಒಬ್ಬರೂ ಅವನ ಮಾತು ತಪ್ಪು ಎನ್ನಲಿಲ್ಲ.

ದೋಣಿ ಸೊಂಟದಾಳದ ನೀರಿಗೆ ಬಂದು ನಿಂತಿತು. ಗಾಯೆತಾನ್ ಎದ್ದು ನಿಂತ. ತಲೆ ನರೆತಿತ್ತು, ಮೂಟೆ ಹೊತ್ತೂ ಹೊತ್ತೂ ಒಂದು ಭುಜ ಇಳಿದಿತ್ತು. ಮೈಮೇಲೆ ಯಾವ ಪಕ್ಷದ ಅಂಗಿಯೂ ಇರಲಿಲ್ಲ.

"ಅಯಿಸೆನ್, ಇಳೀಲಾ?" ಎಂದು ಕೂಗಿದ.

ಮಾವ ಬಾಣ ಹೂಡಿದ. ಅವ್ವ ನಡೆದುಕೊಂಡು ಹೋದಳು. ಮರಳು ದಾಟಿದಳು, ನೀರಿಗೆ ಇಳಿದಳು, ಸೊಂಟದ ತನಕ ಹೋಗಿ ದೋಣಿಯ ಅಂಚು ಹಿಡಿದಳು.

"ಇಳೀಬೇಡ," ಎಂದಳು. "ಕೂತ್ಕೋ."

ಅವನು ಕೂತ. ಅವಳು ಅವನ ಮುಖ ಹಿಡಿದಳು. ನನ್ನ ಹೆಂಡತಿ ಎಲೆಯಲ್ಲಿ ಸುತ್ತಿದ ಲಾಪ್‌ಲಾಪನ್ನು ನೆನೆಯದಂತೆ ತಲೆಯ ಮೇಲಿಟ್ಟುಕೊಂಡು ಹೋಗಿ ಕೊಟ್ಟಳು. ಅವನು ಅಲ್ಲೇ ಬಿಚ್ಚಿ ತಿಂದ. ಓಬೆಡ್‌ನ ಗೋರಿ ಎಲ್ಲಿ ಎಂದು ಕೇಳಿದ. ಅವ್ವ ಕೈ ತೋರಿಸಿದಳು. ನೀರಿನಿಂದ ಅದು ಕಾಣುವುದಿಲ್ಲ. ಆದರೂ ಅವನು ಆ ಕಡೆ ತುಂಬಾ ಹೊತ್ತು ನೋಡಿದ.

"ಅವ್ವಾ, ನಾನು ಎಸೆದಿದ್ದು ಅವನಿಗೆ ತಾಗಿತ್ತಾ?"

"ನನಗೆ ಗೊತ್ತಿಲ್ಲ ಮಗಾ."

"ನನಗೂ."

ನೀರು ಇಳಿಯುತ್ತಿದೆ, ಬಂಡೆ ತಾಗುತ್ತದೆ ಎಂದು ದೋಣಿಯವನು ಗೊಣಗಿದ. ಅವ್ವ ಅಂಚು ಬಿಡಲಿಲ್ಲ. ನಾನು ಹೋಗಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ದೋಣಿ ಬಂಡೆಸಾಲು ದಾಟಿದ ಮೇಲೆ ಮಾವ ಬಾಣ ಇಳಿಸಿದ. ಅವನ ಕಣ್ಣೂ ಒದ್ದೆಯಾಗಿತ್ತು. ಆ ಕಣ್ಣೀರಿನ ಮೇಲೆ ಉಗಿಯಬೇಕೆನಿಸಿತು. ಉಗಿದೆ.

ಮಾರನೆಯ ವಾರ ಅವ್ವ ತವರಿನ ಕಡೆಯ ಯಾರ ಮನೆಯಿಂದಲೋ ಒಂದು ಗಂಡು ಹಂದಿಮರಿ ತಂದಳು. ತಾನೇ ಎತ್ತಿಕೊಂಡು ತಂದಿದ್ದಳು.

ನಾನು ಕೂಗಾಡಿದೆ. "ನಿನಗೇನು ಹುಚ್ಚಾ? ಇದರ ಕೋರೆ ಸುತ್ತೋ ಹೊತ್ತಿಗೆ ನೀನು ಇರ್ತೀಯಾ?"

"ನಾನ್ಯಾಕೆ ಇರಬೇಕು? ಮರಳಿನ ಮೇಲೆ ಕಾಲಿಡಬೇಕಾದವನು ಅವನು. ಕಲ್ಲು ತಗೋ."

"ನೀನು ಮುಟ್ಟಬಾರದು ಅವ್ವಾ."

"ಯಾರು ಹೇಳಿದ್ದು? ನಿಮ್ಮ ಮಾಮನಾ?"

ಅವಳು ಕಾಲು ಚಾಚಿ ಕೂತು ಮರಿಯನ್ನು ಮಡಿಲಿಗೆ ಒತ್ತಿಕೊಂಡಳು. ಎರಡೂ ಕೈಯಿಂದ ಅದರ ಬಾಯಿ ಅಗಲಿಸಿ ಹಿಡಿದಳು. ದೂರದ ರಸ್ತೆಯಲ್ಲಿ ಯಾವುದೋ ಹೊಸ ಪಕ್ಷದ ಟ್ರಕ್ ಧ್ವನಿವರ್ಧಕ ಕಟ್ಟಿಕೊಂಡು ಹೋಗುತ್ತಿತ್ತು. ನಾನು ಮೇಲಿನ ಹಲ್ಲಿಗೆ ಗೂಟ ಹಚ್ಚಿ ಕಲ್ಲು ಎತ್ತಿದೆ. ಮರಿ ಕಿರುಚಿತು.

"ಗಟ್ಟಿಯಾಗಿ ಹೊಡಿ," ಎಂದಳು ಅವ್ವ. "ಇನ್ನೊಂದಿದೆ."