ಪೂಜೆ ಮಾಡಿದ ಲ್ಯಾಪ್‌ಟಾಪ್

ವಿಜಯದಶಮಿಯ ದಿನ ಬೆಳಿಗ್ಗೆ ಒಂಬತ್ತೂ ಕಾಲಿಗೆ ನನ್ನ ಲ್ಯಾಪ್‌ಟಾಪ್ ದೇವರ ಮುಂದಿನಿಂದ ಎದ್ದು ನನ್ನ ಕೈಗೆ ಬಂತು. ಹತ್ತೂವರೆಗೆ ಅದರಲ್ಲೇ ನನ್ನ ಕೊನೆಯ ಸುತ್ತಿನ ಇಂಟರ್‌ವ್ಯೂ. ಹಬ್ಬದ ದಿನ ಯಾರು ಇಂಟರ್‌ವ್ಯೂ ಇಡುತ್ತಾರೆ ಎಂದು ನೀವು ಕೇಳಬಹುದು, ನಾನೂ ಕೇಳಿದ್ದೆ. ಆಸ್ಪತ್ರೆಗಳಿಗೆ ರಜೆ ಇಲ್ಲ, ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ನಮಗೂ ಇಲ್ಲ ಎಂದು ಮೇಲ್ ಬಂತು.

ಕೆಲಸ ಇಷ್ಟು: ತಾಲ್ಲೂಕು ಆಸ್ಪತ್ರೆಗಳ ನರ್ಸುಗಳು ಕಂಪ್ಯೂಟರ್ ಕೈಕೊಟ್ಟಾಗ ಫೋನ್ ಮಾಡುತ್ತಾರೆ, ಅವರಿಗೆ ಕನ್ನಡದಲ್ಲಿ ದಾರಿ ಹೇಳಿ ಸರಿಮಾಡಿಸಬೇಕು. ಮನೆಯಲ್ಲೇ ಕೂತು ಮಾಡಬಹುದು. ನನಗೆ ಮೂವತ್ತೆಂಟು. ಹದಿನೈದು ವರ್ಷ ಗಾರ್ಮೆಂಟ್ಸಿನಲ್ಲಿ ಶರ್ಟಿನ ಕಾಲರ್ ಹೊಲಿದು, ಆ ಯೂನಿಟ್ ಮುಚ್ಚಿದ ಮೇಲೆ ಹೊಸಹಳ್ಳಿಯ ಸಂಜೆ ಕ್ಲಾಸಿನಲ್ಲಿ ಕಂಪ್ಯೂಟರ್ ಕಲಿತವಳು. ಎರಡು ವರ್ಷದಲ್ಲಿ ಹನ್ನೊಂದು ಕಡೆ ಅರ್ಜಿ ಹಾಕಿದ್ದೆ, ಮೂರನೇ ಸುತ್ತಿನ ತನಕ ಬಂದದ್ದು ಇದೊಂದೇ. ನನ್ನ ಗಂಡ ಮಹದೇವ್ ಕೆಟ್ಟವನಲ್ಲ, ಕಾಮಾಕ್ಷಿಪಾಳ್ಯದಲ್ಲಿ ಲೇತ್ ವರ್ಕ್‌ಶಾಪ್ ಇಟ್ಟುಕೊಂಡು ಕಷ್ಟಪಡುವವನು. ಆದರೆ ಅವನೂ ಹೇಳಿಬಿಟ್ಟಿದ್ದ: "ಇದೂ ಆಗ್ಲಿಲ್ಲ ಅಂದ್ರೆ ಸಾಕು ಬಿಡು ಶೋಭಾ. ವರ್ಕ್‌ಶಾಪಲ್ಲಿ ಫೋನ್ ಎತ್ಕೊಳ್ಳೋಕೆ ಒಬ್ರು ಬೇಕು, ಬಂದು ಕೂತ್ಕೋ." ಆ ಕುರ್ಚಿ ನನಗೆ ಬೇಡವಾಗಿತ್ತು. ನನಗೆ ನಾನೇ ಸಂಪಾದಿಸಿಕೊಂಡ ಕೆಲಸ ಬೇಕಿತ್ತು.

ಕಂಪನಿಯವರ ಷರತ್ತುಗಳೂ ಖಡಾಖಂಡಿತ. ಮೊದಲ ಎರಡು ಸುತ್ತಿಗೆ ಬಳಸಿದ ಲ್ಯಾಪ್‌ಟಾಪಿನಿಂದಲೇ ಬರಬೇಕು, ಫೋನು ನಡೆಯುವುದಿಲ್ಲ. ಕೋಣೆಯಲ್ಲಿ ಇನ್ನೊಬ್ಬರು ಇರಬಾರದು. ಹತ್ತು ನಿಮಿಷಕ್ಕಿಂತ ತಡವಾದರೆ ಹೆಸರು ಪಟ್ಟಿಯಿಂದ ಹೋಗುತ್ತದೆ.

ಟೇಬಲ್ಲಿನ ಮೇಲಿಟ್ಟು ತೆರೆದೆ. ಮೂಲೆಯಲ್ಲಿ ವೈಫೈ ಗುರುತೇ ಇರಲಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ, ಆರಿಸಿ ಹಚ್ಚಿದೆ. ಇಲ್ಲ. ನಮ್ಮ ಟೀಚರ್ ಸಂಘಮಿತ್ರಾ ಅವರಿಗೆ ಫೋನ್ ಮಾಡಿದೆ. ವಿಂಡೋಸ್ ಹೊರಲಾರದಷ್ಟು ಹಳೆಯದಾದ ಈ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಟ್ಟವರು ಅವರೇ. ಹಬ್ಬಕ್ಕೆ ಊರಿಗೆ ಹೋಗಿದ್ದರು, ಫೋನ್ ಸ್ವಿಚ್ ಆಫ್. ವಿಜಯನಗರದಲ್ಲಿ ನನಗೆ ಗೊತ್ತಿದ್ದ ರಿಪೇರಿ ಅಂಗಡಿಯವನು ಫೋನ್ ಎತ್ತಿ, "ಅಕ್ಕಾ, ಇವತ್ತು ಅಂಗಡಿ ಬಾಗ್ಲಿಗೆ ಬಾಳೆಕಂಬ ಕಟ್ಟಿದೀನಿ, ನಾಡಿದ್ದು ಬನ್ನಿ" ಎಂದ. ನಾಡಿದ್ದು ಬಂದು ನಾನೇನು ಮಾಡಲಿ?

ಸರಿ, ನಾನೇ ಮಾಡುತ್ತೇನೆ ಎಂದುಕೊಂಡೆ. ಸಂಘಮಿತ್ರಾ ಮೇಡಂ ಕ್ಲಾಸಿನಲ್ಲಿ ಹೇಳಿ ಹೇಳಿ ತಲೆ ತಿಂದಿದ್ದ ಮಾತು ಒಂದಿತ್ತು: ಗಾಬರಿ ಬಿದ್ದು ಹತ್ತು ಕಡೆ ಕೈಹಾಕಬೇಡಿ. ಒಂದು ಸಲಕ್ಕೆ ಒಂದನ್ನೇ ನೋಡಿ, ನೋಡಿದ್ದನ್ನು ಬರೆದಿಡಿ. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಗೆ ಬರೆಯುತ್ತಾ ಹೋದೆ. ಮನೆಯ ಇಂಟರ್‌ನೆಟ್ ಬಾಕ್ಸಿನ ದೀಪ ಹಸಿರು. ಅದೇ ವೈಫೈ ನನ್ನ ಫೋನಿಗೆ ಸಿಗುತ್ತಿದೆ. ಅಂದರೆ ತಪ್ಪು ಮನೆಯ ಲೈನಿನದಲ್ಲ. ಕಮ್ಯಾಂಡ್ ಟೈಪ್ ಮಾಡುವ ಕಪ್ಪು ಪರದೆ ತೆರೆದು, ಒಳಗೆ ಏನೇನು ಕೂತಿದೆ ಎಂದು ಪಟ್ಟಿ ಕೇಳಿದೆ. ನೆಟ್‌ವರ್ಕ್ ಕಾರ್ಡಿನ ಹೆಸರು ಬಂತು. ಅಂದರೆ ಕಾರ್ಡ್ ಸತ್ತಿಲ್ಲ. ಅದನ್ನು ನಡೆಸುವ ಡ್ರೈವರ್ ಇದೆಯೇ? ಇದೆ. ಹಾಗಾದರೆ ಯಾರೋ ತಡೆದಿದ್ದಾರೆ. ತಡೆ ಎಲ್ಲಿದೆ ಎಂದು ತೋರಿಸುವ ಕಮ್ಯಾಂಡ್ ಒಂದಿದೆ, ಅದನ್ನು ಹೊಡೆದೆ.

ಎರಡು ಸಾಲು ಬಂತು. ಸಾಫ್ಟ್ ಬ್ಲಾಕ್ ಇಲ್ಲ. ಹಾರ್ಡ್ ಬ್ಲಾಕ್ ಇದೆ.

ಇದರ ಅರ್ಥ ನನಗೆ ಗೊತ್ತಿತ್ತು. ಸಾಫ್ಟ್ ಬ್ಲಾಕ್ ಅಂದರೆ ಒಳಗಿನ ಚಿಲಕ, ಕಮ್ಯಾಂಡ್ ಕೊಟ್ಟರೆ ತೆಗೆಯುತ್ತದೆ. ಹಾರ್ಡ್ ಬ್ಲಾಕ್ ಅಂದರೆ ಹೊರಗಡೆ ಯಾರೋ ಕೈಯಾರೆ ಆರಿಸಿದ್ದು, ಅದನ್ನು ಕೈಯಾರೆಯೇ ಹಚ್ಚಬೇಕು. ಮೊನ್ನೆ ರಾತ್ರಿ ಚೆನ್ನಾಗಿತ್ತು. ಆಮೇಲೆ ಈ ಲ್ಯಾಪ್‌ಟಾಪ್ ಮುಟ್ಟಿದವರು ಈ ಮನೆಯಲ್ಲಿ ಒಬ್ಬರೇ.

ನಮ್ಮ ಅತ್ತೆ ಮುನಿತಾಯಮ್ಮ ಆಯುಧಪೂಜೆ ಮಾಡುವುದನ್ನು ನೀವು ನೋಡಬೇಕು. ನಮ್ಮ ಮನೆಯಲ್ಲಿ ಕೆಲಸ ಮಾಡುವ ಯಾವ ವಸ್ತುವೂ ಅವರ ಕೈ ತಪ್ಪಿಸಿಕೊಳ್ಳುವುದಿಲ್ಲ. ಹೊಲಿಗೆ ಮಿಷನ್, ಮಿಕ್ಸಿ, ಸ್ಕೂಟರು, ಈಳಿಗೆಮಣೆ, ಕತ್ತರಿ, ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಗಂಧ ಹಚ್ಚಿ, ಕುಂಕುಮ ಇಟ್ಟು, ಸೇವಂತಿಗೆ ಮುಡಿಸುತ್ತಾರೆ. ಹಾಗೆ ಕೂರಿಸಿದ್ದನ್ನು ಮಾರನೆಯ ದಿನ ಪೂಜೆ ಕದಲಿಸುವವರೆಗೆ ಯಾರೂ ಮುಟ್ಟುವಂತಿಲ್ಲ. ನಿನ್ನೆ ಸಂಜೆ ಸಂತೆಗೆ ಹೋದವಳು ಬಂದು ನೋಡಿದರೆ, ಈ ವರ್ಷ ಹೊಸದಾಗಿ ನನ್ನ ಲ್ಯಾಪ್‌ಟಾಪ್ ಕೂಡ ಹೊಲಿಗೆ ಮಿಷನ್ನಿನ ಪಕ್ಕ ಕೂತಿತ್ತು. ಒಂದು ಸಲ ತೆರೆದು ನೋಡಿಬಿಡುತ್ತೇನೆ ಎಂದದ್ದಕ್ಕೆ, "ಬೆಳಿಗ್ಗೆ ತಗೋಳೇ, ಎಲ್ಲಿ ಓಡೋಗುತ್ತೆ" ಎಂದಿದ್ದರು. ಹಬ್ಬದ ಹೊತ್ತಲ್ಲಿ ಯಾಕೆ ಮಾತು ಎಂದು ನಾನೂ ಸುಮ್ಮನಾದೆ. ಆ ಸುಮ್ಮನಾದದ್ದಕ್ಕೆ ಈಗ ಮೈಯೆಲ್ಲ ಉರಿಯುತ್ತಿತ್ತು.

ಅಡುಗೆಮನೆಯ ಬಾಗಿಲಲ್ಲಿ ನಿಂತು ಕೂಗಾಡಿದೆ. "ನಿಮ್ ಪೂಜೆಗೆ ನನ್ ಲ್ಯಾಪ್‌ಟಾಪೇ ಬೇಕಿತ್ತಾ ಅತ್ತೆ? ಏನೂ ಗೊತ್ತಿಲ್ದೋರು ಸುಮ್ನಿರಬೇಕಪ್ಪ! ಎಲ್ಲದಕ್ಕೂ ಕೈ ಹಾಕೋದು! ಎರಡು ವರ್ಷದ ಕಷ್ಟ ನೀರಲ್ಲಿ ಹೋಯ್ತು ನಿಮ್ಮಿಂದ!"

ಇನ್ನೂ ಏನೇನೋ ಅಂದೆ, ಬರೆಯಲು ನಾಚಿಕೆಯಾಗುತ್ತದೆ. ಅತ್ತೆ ಯಾರ ಮಾತನ್ನೂ ಕೆಳಗೆ ಬೀಳಗೊಡುವವರಲ್ಲ. ಅವತ್ತು ಮಾತ್ರ, "ಇವತ್ತು ನಿನ್ ಕೆಲಸದ ದಿನ ಅಂತ ಇಟ್ಟಿದ್ದು ಕಣೇ" ಎಂದಷ್ಟೇ ಹೇಳಿ, ತುರಿಮಣೆ ಎಳೆದುಕೊಂಡು ಕಾಯಿ ತುರಿಯತೊಡಗಿದರು.

ನಾನು ವಾಪಸ್ ಬಂದು ಲ್ಯಾಪ್‌ಟಾಪನ್ನು ತಿರುಗಿಸಿ ಮುರುಗಿಸಿ ನೋಡಿದೆ. ಮುಚ್ಚಳದ ಮೇಲೆ ಕುಂಕುಮ, ಅಂಚಿನ ಸುತ್ತ ಗಂಧ ಒಣಗಿ ಕಟ್ಟಿಕೊಂಡಿತ್ತು. ಸ್ವಿಚ್ ಅನ್ನುವಂಥದ್ದು ಎಲ್ಲೂ ಕಾಣಲಿಲ್ಲ. ಮೇಲಿನ ಸಾಲಿನ ಕೀಗಳನ್ನು ಒಂದೊಂದಾಗಿ ಒತ್ತಿದೆ. ಬೆಳಕು ಹೆಚ್ಚಾಯಿತು, ಕಡಿಮೆಯಾಯಿತು, ಸ್ಪೀಕರ್ ಸತ್ತಿತು, ಬದುಕಿತು, ಹಾರ್ಡ್ ಬ್ಲಾಕ್ ಹಾಗೇ ಇತ್ತು. ಕೇಬಲ್ ಹಾಕೋಣ ಎಂದರೆ ಆ ಕಿಂಡಿ ಕೊಂಡಾಗಲೇ ಕೆಟ್ಟಿತ್ತು. ಫೋನಿನ ಇಂಟರ್‌ನೆಟ್ಟನ್ನು ವೈರಿನಲ್ಲಿ ಎಳೆಯೋಣ ಎಂದರೆ ನನ್ನದು ಫುಟ್‌ಪಾತಿನ ವೈರು, ಚಾರ್ಜ್ ಬಿಟ್ಟು ಬೇರೇನನ್ನೂ ದಾಟಿಸುವುದಿಲ್ಲ. ಒಳ್ಳೆಯ ವೈರು ಮಹದೇವ್‌ನ ಬ್ಯಾಗಿನಲ್ಲಿತ್ತು, ಅವನು ಪೂಜೆಗೆಂದು ವರ್ಕ್‌ಶಾಪಿಗೆ ಹೋಗಿ ಫೋನ್ ಎತ್ತುತ್ತಿರಲಿಲ್ಲ. ಎದುರು ಮನೆ, ಪಕ್ಕದ ಮನೆ, ಎರಡಕ್ಕೂ ಬೀಗ. ಎಲ್ಲವನ್ನೂ ಹಾಳೆಯಲ್ಲಿ ಬರೆದು ಒಂದೊಂದಾಗಿ ಹೊಡೆದುಹಾಕಿದೆ. ಆಗ ಹತ್ತೂ ಹತ್ತು.

ಹಾಳೆಯಲ್ಲಿ ಉಳಿದದ್ದು ಒಂದೇ. ಯಾರ ಕೈ ಬಿದ್ದಿತ್ತೋ ಆ ಕೈಯನ್ನೇ ಕೇಳಬೇಕು. ನನಗೆ ಕೋಪ ಬೇಗ ಬರುತ್ತದೆ, ಇಳಿಯುವುದು ನಿಧಾನ, ಅದರಲ್ಲೂ ಬೈದವರ ಮುಂದೆಯೇ ಹೋಗಿ ನಿಲ್ಲುವುದೆಂದರೆ ಪ್ರಾಣ ಹೋದಂತೆ. ಆದರೆ ಇಂಟರ್‌ವ್ಯೂ ಬಿಟ್ಟುಕೊಡುವ ಯೋಚನೆ ನನಗಿರಲಿಲ್ಲ. ಲ್ಯಾಪ್‌ಟಾಪ್ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಅತ್ತೆಯ ಎದುರು ನೆಲದ ಮೇಲೆ ಕೂತೆ.

"ಅತ್ತೆ, ನಿನ್ನೆ ಇದನ್ನ ಹೇಗೆ ಒರೆಸಿದ್ರಿ?"

"ಯಾಕೆ, ಇನ್ನೂ ಬೈಯೋದು ಬಾಕಿ ಇದ್ಯಾ?"

"ಬೈಯಲ್ಲ. ಎಲ್ಲಿ ಆಫ್ ಆಗಿದೆ ಅಂತ ನಂಗೆ ಗೊತ್ತಾಗ್ತಿಲ್ಲ. ನಿಮ್ ಕೈಗೆ ಗೊತ್ತಿರುತ್ತೆ. ನಿನ್ನೆ ಹೇಗೆ ಮಾಡಿದ್ರೋ ಹಾಗೇ ಮಾಡಿ ತೋರ್ಸಿ."

ಅವರು ಎದ್ದು ಕೈ ತೊಳೆದು, ಒರೆಸುವ ಬಟ್ಟೆ ತಂದು, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡರು. ಮೊದಲು ಮುಚ್ಚಳ, ಗುಂಡಗೆ. ಆಮೇಲೆ ಹಿಂಬದಿ. ಆಮೇಲೆ ಅಂಚು, ಬಲದಿಂದ ಎಡಕ್ಕೆ, ಹೆಬ್ಬೆರಳು ಒತ್ತಿ ಹಿಡಿದು. ನನಗೆ ಗಡಿಯಾರದ ಮೇಲೆ ಕಣ್ಣು, ಬೇಗ ಬೇಗ ಎನ್ನಲು ಬಾಯಿ ತುರಿಸುತ್ತಿತ್ತು, ತುಟಿ ಕಚ್ಚಿಕೊಂಡು ಕೂತೆ. ಮುಂದಿನ ಅಂಚಿನ ನಡುವೆ ಅವರ ಹೆಬ್ಬೆರಳು ನಿಂತಿತು.

"ಇಲ್ಲೊಂಚೂರು ಏನೋ ಅಂಟ್ಕೊಂಡಿತ್ತು. ಕೊಳೆ ಅಂದ್ಕೊಂಡು ಉಗುರಲ್ಲಿ ಕೆರೆದೆ. ಬರ್ಲಿಲ್ಲ, ಆ ಕಡೆ ಜರುಗ್ತು ಅಷ್ಟೇ. ಹೋಗ್ಲಿ ಅಂತ ಅದರ ಮೇಲೇ ಗಂಧ ಹಚ್ದೆ."

ಬಗ್ಗಿ ನೋಡಿದೆ. ಅಕ್ಕಿಕಾಳಿನಷ್ಟು ಗಾತ್ರದ ಕಪ್ಪು ಗುಂಡಿ, ಅಂಚಿನ ಅಡಿಭಾಗದಲ್ಲಿ, ಗಂಧದೊಳಗೆ ಹೂತುಹೋಗಿತ್ತು. ಎರಡು ವರ್ಷ ಬಳಸಿದ್ದೇನೆ, ಅಲ್ಲೊಂದು ಸ್ವಿಚ್ ಇದೆ ಎಂದು ನನಗೇ ಗೊತ್ತಿರಲಿಲ್ಲ. ಏನೂ ಗೊತ್ತಿಲ್ಲದವಳು ಯಾರು ಎಂದು ಆಗ ಅನ್ನಿಸಿತು.

ಉಗುರಿನಲ್ಲಿ ತಳ್ಳಿದೆ. ಅರ್ಧ ಬಂದು ಕಚ್ಚಿಕೊಂಡಿತು. ಜೋರು ಹಾಕಹೊರಟಾಗ ಅತ್ತೆ ಕೈ ಹಿಡಿದರು. "ಮುರಿದ್ಗಿರಿದೀಯಾ, ಕೊಡಿಲ್ಲಿ." ತಾಳಿ ಸರದಲ್ಲಿದ್ದ ಪಿನ್ನು ಬಿಚ್ಚಿ, ಬೆಳಕಿಗೆ ತಿರುಗಿ, ಗಂಧವನ್ನು ಎಬ್ಬಿಸತೊಡಗಿದರು. ನಲವತ್ತು ವರ್ಷ ಸ್ಟವ್ವಿನ ಬರ್ನರಿನ ತೂತು ಬಿಡಿಸಿದ ಕೈ, ಒಂದು ಗೀರೂ ಬೀಳಿಸಲಿಲ್ಲ. ಹತ್ತು ಇಪ್ಪತ್ತೈದು. ಹತ್ತೂವರೆ. ಒಣಗಿದ ಗಂಧ ಪುಡಿಪುಡಿಯಾಗಿ ಅವರ ಸೀರೆಯ ಮೇಲೆ ಉದುರಿತು. ಹತ್ತು ಮೂವತ್ತನಾಲ್ಕಕ್ಕೆ "ಈಗ ತಳ್ಳು" ಎಂದರು. ತಳ್ಳಿದೆ. ಟಿಕ್ ಎಂದು ಕೂತುಕೊಂಡಿತು.

ಓಡಿಹೋಗಿ ಟೇಬಲ್ಲಿನ ಮೇಲಿಟ್ಟೆ. ಬೀದಿಯ ಎಲ್ಲರ ವೈಫೈ ಹೆಸರುಗಳೂ ಸಾಲಾಗಿ ಬಂದವು. ನಮ್ಮದನ್ನು ಒತ್ತಿದೆ, ಲಿಂಕ್ ತೆರೆದೆ, ಕ್ಯಾಮೆರಾ ಹಚ್ಚಿದೆ. ಹತ್ತು ಮೂವತ್ತೆಂಟಕ್ಕೆ ಪರದೆಯ ಮೇಲೆ ಕನ್ನಡಕದ ಒಬ್ಬರು ಕಾಣಿಸಿದರು. ಹೆಸರು ಚನ್ನವೀರೇಶ್, ಮಾತಿನಲ್ಲಿ ಉತ್ತರದ ಕಡೆಯ ಧಾಟಿ.

"ಎಂಟು ನಿಮಿಷ ಲೇಟ್ರಿ ಶೋಭಾರಾಣಿಯವರ. ನಾ ಹೆಸರು ತೆಗೀಲಿಕ್ಕೆ ಹತ್ತಿದ್ದೆ. ಏನಾತು?"

ಕರೆಂಟ್ ಹೋಗಿತ್ತು ಅನ್ನಬಹುದಿತ್ತು. ಆದರೆ ಎದುರಿಗೆ ಹಾಳೆ ಇತ್ತು, ಓದಿಬಿಟ್ಟೆ. ಏನು ನೋಡಿದೆ, ಯಾವುದನ್ನು ಬಿಟ್ಟೆ, ಹಾರ್ಡ್ ಬ್ಲಾಕ್ ಹೇಗೆ ಕಂಡಿತು, ಸ್ವಿಚ್ ಎಲ್ಲಿತ್ತು. ಯೂಸರ್ ಒಬ್ಬರು ಪೂಜೆಗೆಂದು ಒರೆಸುವಾಗ ಆಫ್ ಮಾಡಿದ್ದರು ಎಂದೆ. ಅವರು ನಗಲಿಲ್ಲ.

"ಭೇಷ್. ಆ ಯೂಸರ್‌ಗೆ ನೀವು ಏನಂದ್ರಿ?"

ಈ ಪ್ರಶ್ನೆಗೆ ಹಾಳೆಯಲ್ಲಿ ಉತ್ತರ ಇರಲಿಲ್ಲ. ಈ ಕೆಲಸಕ್ಕೆ ಬೇಕಾದದ್ದೇ ತಾಳ್ಮೆ ಎಂದು ಅವರ ಮೇಲ್‌ನಲ್ಲಿ ಎರಡು ಸಲ ಬರೆದಿತ್ತು.

"ಕೂಗಾಡಿದೆ, ಸಾರ್."

"ಇಲ್ಲಾ ಸ್ವಾಮಿ!" ಬಾಗಿಲ ಕಡೆಯಿಂದ ಅತ್ತೆಯ ದನಿ. ಬಾಗಿಲ ಬಟ್ಟೆಯ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಅವಳು ಕೂಗಾಡೇ ಇಲ್ಲ! ಬಂಗಾರದಂಥ ಹುಡುಗಿ, ಜೋರಾಗಿ ಮಾತಾಡೋದೇ ಗೊತ್ತಿಲ್ಲ ಅವಳಿಗೆ!"

ಕೋಣೆಯಲ್ಲಿ ಇನ್ನೊಬ್ಬರು ಇರಬಾರದು ಎಂಬ ಷರತ್ತೂ ಮುರಿಯಿತು.

"ಯಾರ್ರೀ ಅವರು?"

"ಯೂಸರ್, ಸಾರ್."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅವ್ರನ್ನ ಇತ್ತ ಕರೀರಿ."

ಅತ್ತೆ ಸೆರಗು ಸರಿಮಾಡಿಕೊಳ್ಳುತ್ತಾ ಬಂದು ಕ್ಯಾಮೆರಾಗೆ ಕೈಮುಗಿದರು. ಸೀರೆಯ ಮೇಲೆ ಇನ್ನೂ ಗಂಧದ ಪುಡಿ ಇತ್ತು.

"ಅಮ್ಮಾರ, ಖರೇ ಹೇಳ್ರಿ. ಸೊಸೆ ಬೈದ್ಲೋ ಇಲ್ಲೋ?"

ಅತ್ತೆ ನನ್ನ ಕಡೆ ನೋಡಿದರು. ನಾನು ಹೇಳಿಬಿಡಿ ಎಂದು ತಲೆಯಾಡಿಸಿದೆ. ಸುಳ್ಳಿನ ಮೇಲೆ ಸಿಕ್ಕುವ ಕೆಲಸ ನನಗೂ ಬೇಡವಾಗಿತ್ತು.

"ಬೈದ್ಲು ಸ್ವಾಮಿ. ಏನೂ ಗೊತ್ತಿಲ್ದೋರು ಅಂದ್ಲು, ನಂಗೆ ಕಣ್ಣಲ್ಲಿ ನೀರು ಬಂತು. ಆದ್ರೆ ಆಮೇಲೆ ಬಂದು ನೆಲದ ಮೇಲೆ ಕೂತ್ಕೊಂಡು, ನೀವು ಹೇಗೆ ಮಾಡಿದ್ರಿ ತೋರ್ಸಿ ಅಂತ ಕೇಳಿದ್ಲು. ನಾನು ನಿಧಾನ, ಅವಳಿಗೆ ಟೈಮಾಗೋಗಿತ್ತು, ಆದ್ರೂ ಬಾಯಿ ಮುಚ್ಕೊಂಡು ಕೂತಿದ್ಲು. ಈ ಮನೆಗೆ ಬಂದು ನಲವತ್ತು ವರ್ಷ ಆಯ್ತು, ನನ್ನನ್ನ ಯಾರೂ ಹಾಗೆ ಕೂತ್ಕೊಂಡು ಕೇಳಿರ್ಲಿಲ್ಲ."

ಚನ್ನವೀರೇಶ್ ಏನೋ ಬರೆದುಕೊಂಡರು. ಆಮೇಲೆ ಅತ್ತೆಯನ್ನು ಕಳಿಸಿ, ಬಾಗಿಲು ಹಾಕಿಸಿ, ನಲವತ್ತು ನಿಮಿಷ ನನ್ನನ್ನು ಹಿಂಡಿ ಹಿಪ್ಪೆ ಮಾಡಿದರು. ಷರತ್ತು ಷರತ್ತೇ, ಇನ್ನೊಂದು ಸಲ ಬಾಗಿಲು ತೆರೆದರೆ ಕಾಲ್ ಕಟ್ ಎಂದರು. ಒಂದಕ್ಕೂ ನಾನು ಹೆದರಲಿಲ್ಲ, ಹೆದರಲು ಇನ್ನೇನೂ ಉಳಿದಿರಲಿಲ್ಲ. ಕೊನೆಗೆ, "ಸೋಮವಾರದಿಂದ ಟ್ರೇನಿಂಗ್. ಬೈಯೋದಿದ್ರ ನನಗ ಬೈರಿ, ನರ್ಸ್‌ಗಳಿಗೆ ಬ್ಯಾಡ" ಎಂದರು.

ಪರದೆ ಆರಿದ ಮೇಲೆ ಅಡುಗೆಮನೆಗೆ ಹೋದೆ. ಅತ್ತೆ ತುರಿದ ಕಾಯನ್ನು ಪಾತ್ರೆಗೆ ಹಾಕುತ್ತಿದ್ದರು, ತಲೆ ಎತ್ತಲಿಲ್ಲ.

"ಸಿಕ್ತು ಅತ್ತೆ. ಸೋಮವಾರದಿಂದ." ಅಷ್ಟು ಹೇಳುವಷ್ಟರಲ್ಲಿ ಅಳು ಬಂತು. "ತಪ್ಪಾಯ್ತು ನಂದು. ಹಾಗೆ ಅನ್ಬಾರ್ದಿತ್ತು. ನೀವು ಹಬ್ಬದ ದಿನ ಯಾಕೆ ನನಗೋಸ್ಕರ ಸುಳ್ಳು ಹೇಳೋಕೆ ಹೋದ್ರಿ?"

"ಇನ್ನೇನ್ ಮಾಡ್ಲಿ?" ಎಂದರು ಅತ್ತೆ, ಒದ್ದೆ ಕೈಯಲ್ಲೇ ನನ್ನ ಕಣ್ಣು ಒರೆಸುತ್ತಾ. "ನಿನ್ ಕೈಲಿ ಅಷ್ಟೊಂದು ಬೈಸ್ಕೊಂಡಿದೀನಿ. ಕೆಲಸಾನೂ ಸಿಗ್ಲಿಲ್ಲ ಅಂದಿದ್ರೆ ಬೈಸ್ಕೊಂಡಿದ್ದೆಲ್ಲ ದಂಡ ಆಗ್ತಿರ್ಲಿಲ್ವೇನೇ?"